‘ಇವಳಿಗೆ ಬಣ್ಣ ಹಚ್ಚುವ ಕೆಲಸವಿಲ್ಲ’: ಘಟ್ಟದ ಮೇಲಿನ ಶಾಲೆಯೊಂದರಲ್ಲಿ ಮುರಿದ ಗೆಳೆತನ – ಒಂದು ಪ್ರಕರಣ ಅಧ್ಯಯನ

ಉತ್ತರ ಕನ್ನಡ ಜಿಲ್ಲೆಯ ಘಟ್ಟದ ಮೇಲಿನ ತಾಲೂಕೊಂದರ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ, ಕೋವಿಡ್ ಮುಗಿದು ತರಗತಿಗಳು ಮೊದಲಿನಂತೆ ನಡೆಯತೊಡಗಿದ ವರ್ಷಗಳಲ್ಲಿ, ಇಬ್ಬರು ಹುಡುಗಿಯರ ಗೆಳೆತನ ಮುರಿದುಬಿದ್ದು ಅವರಲ್ಲೊಬ್ಬಳು ಶಾಲೆಯನ್ನೇ ಬಿಡುವ ಹಂತ ತಲುಪಿದ ಪ್ರಕರಣವಿದು. ಆಗ ನಾನು ಆ ಭಾಗದ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಯಾಗಿದ್ದು (ಅಕ್ಕಪಕ್ಕದ ಕೆಲವು ಶಾಲೆಗಳ ಕಲಿಕೆಗೆ ನೆರವಾಗುವ ಹುದ್ದೆ), ಶಾಲೆಯ ಶಿಕ್ಷಕರೊಂದಿಗೆ ಇದನ್ನು ಹತ್ತಿರದಿಂದ ಕಂಡೆ. ಸಿದ್ದಿ ಸಮುದಾಯದ, ಕ್ರೈಸ್ತ ಕುಟುಂಬದ ಹುಡುಗಿಯನ್ನು ಇಲ್ಲಿ ರೀಟಾ ಎಂದೂ, ಅಡಿಕೆ ತೋಟದ ಹವ್ಯಕ ಬ್ರಾಹ್ಮಣ ಮನೆತನದ ಹುಡುಗಿಯನ್ನು ವೀಣಾ ಎಂದೂ ಕರೆದಿದ್ದೇನೆ. ಇವು ಅವರ ನಿಜವಾದ ಹೆಸರುಗಳಲ್ಲ. ಗುರುತು ಸಿಗುವಂತಹ ಕೌಟುಂಬಿಕ ವಿವರಗಳನ್ನೂ ಬದಲಾಯಿಸಿದ್ದೇನೆ. ನಡೆದ ಘಟನೆಗಳ ಕ್ರಮವನ್ನು, ಪ್ರತಿ ಹಂತದಲ್ಲಿ ಯಾರು ಯಾವ ನಿರ್ಧಾರ ತೆಗೆದುಕೊಂಡರು ಎಂಬುದನ್ನು ಬದಲಾಯಿಸಿಲ್ಲ.

ಹಿನ್ನೆಲೆ

ಸಿದ್ದಿಗಳು ಆಫ್ರಿಕಾ ಮೂಲದವರು. ಪೋರ್ಚುಗೀಸರು ಮತ್ತು ಅರಬ್ ವರ್ತಕರು ಆಫ್ರಿಕಾದ ಪೂರ್ವ ಕರಾವಳಿಯಿಂದ ಗುಲಾಮರನ್ನಾಗಿ ತಂದವರಲ್ಲಿ ಎಷ್ಟೋ ಜನ ಗೋವಾದಿಂದ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದರು. ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ ತಾಲೂಕುಗಳ ಕಾಡಂಚಿನ ಕೇರಿಗಳಲ್ಲಿ ಅವರ ಸಂತತಿ ತಲೆತಲಾಂತರದಿಂದ ಬದುಕುತ್ತಿದೆ. ಯಲ್ಲಾಪುರದ ಕಡೆ ಹಿಂದೂ ಸಿದ್ದಿಗಳು ಹೆಚ್ಚು, ಹಳಿಯಾಳದ ಕಡೆ ಕ್ರೈಸ್ತರು ಮತ್ತು ಮುಸ್ಲಿಮರು ಹೆಚ್ಚು. ಆದರೆ ನೆಂಟಸ್ತಿಕೆ ಈ ಗೆರೆಗಳನ್ನು ದಾಟಿ ಹರಡಿರುವುದು ಅಲ್ಲಿ ಅಪರೂಪವಲ್ಲ. ರೀಟಾಳ ಚಿಕ್ಕಮ್ಮನನ್ನೇ ಹಳಿಯಾಳ ಕಡೆಯ ಮುಸ್ಲಿಂ ಸಿದ್ದಿ ಕುಟುಂಬಕ್ಕೆ ಕೊಡಲಾಗಿತ್ತು. ಹಬ್ಬಕ್ಕೆ ಎರಡೂ ಮನೆಯವರು ಹೋಗಿಬರುತ್ತಿದ್ದರು. ಅಂದರೆ ದೇವರು ಬೇರೆಯಾದ ಮಾತ್ರಕ್ಕೆ ಒಬ್ಬರ ಮನೆಯೊಳಗೆ ಇನ್ನೊಬ್ಬರು ಹೋಗುವಂತಿಲ್ಲ ಎಂಬ ತಿಳಿವಳಿಕೆ ಆ ಮಗುವಿಗೆ ತನ್ನವರಿಂದ ಬಂದಿರಲಿಲ್ಲ. ಈ ಸಂಗತಿ ಮುಂದೆ ಮುಖ್ಯವಾಗುತ್ತದೆ.

ಉತ್ತರ ಕನ್ನಡದ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿದ್ದು 2003ರಲ್ಲಿ, ಬೆಳಗಾವಿ ಮತ್ತು ಧಾರವಾಡ ಜಿಲ್ಲೆಗಳವರಿಗೆ 2020ರಲ್ಲಿ. ಅದೇ 2020ರಲ್ಲಿ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ನಾಮನಿರ್ದೇಶನಗೊಂಡಾಗ ಇಡೀ ರಾಜ್ಯ ಅದನ್ನು ಗಮನಿಸಿತು. ಹಾಗಿದ್ದರೂ ಬಹುಪಾಲು ಕುಟುಂಬಗಳ ದುಡಿಮೆ ಇಂದಿಗೂ ತುಂಡು ಜಮೀನು, ಕಾಡಿನ ಉತ್ಪನ್ನ ಮತ್ತು ಅಡಿಕೆ ತೋಟದ ಕೂಲಿಯನ್ನೇ ನೆಚ್ಚಿಕೊಂಡಿದೆ. ರೀಟಾಳ ತಾಯಿ ವರ್ಷದ ಹಲವು ತಿಂಗಳು ಕೆಲಸ ಮಾಡುತ್ತಿದ್ದದ್ದು ವೀಣಾಳ ಮನೆಯವರ ತೋಟದಲ್ಲಿ. ಕೊನೆಕೊಯ್ಲಿನ, ಅಂದರೆ ಅಡಿಕೆ ಗೊನೆ ಕೊಯ್ಯುವ, ಕಾಲದಲ್ಲಿ ರಾತ್ರಿ ಹೊತ್ತು ಅಡಿಕೆ ಸುಲಿಯಲು ಅದೇ ಮನೆಯ ಅಂಗಳಕ್ಕೆ ಬರುತ್ತಿದ್ದರು.

ಇಬ್ಬರು ಹುಡುಗಿಯರೂ ಒಂದನೇ ತರಗತಿಗೆ ಒಟ್ಟಿಗೆ ಸೇರಿದವರು. ರೀಟಾಳ ಕೇರಿ ಕಾಡಿನಂಚಿನ ದಿಬ್ಬದ ಮೇಲೆ, ವೀಣಾಳ ಮನೆ ಕೆಳಗಿನ ಕಣಿವೆಯ ತೋಟದಲ್ಲಿ. ಎರಡು ಕಡೆಯ ಕಾಲುದಾರಿಗಳು ಹಳ್ಳದ ಸಂಕದ (ಕಾಲುಸೇತುವೆಯ) ಬಳಿ ಕೂಡುತ್ತಿದ್ದವು. ಮೊದಲು ಬಂದವಳು ಅಲ್ಲಿ ಕಾಯುವುದು, ಇನ್ನೊಬ್ಬಳು ಬಂದ ಮೇಲೆ ಒಟ್ಟಿಗೆ ಹೋಗುವುದು ರೂಢಿಯಾಗಿತ್ತು.

ತರಗತಿಯ ವ್ಯವಸ್ಥೆ ಈ ಗೆಳೆತನಕ್ಕೆ ಎಷ್ಟು ಆಸರೆಯಾಗಿತ್ತೆಂಬುದು ಅದು ಮುರಿದ ಮೇಲಷ್ಟೇ ನಮಗೆ ಅರ್ಥವಾಯಿತು. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾಗಿ ಮುಂದೆ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಹರಡಿದ ನಲಿ-ಕಲಿ ಪದ್ಧತಿಯಲ್ಲಿ 1ರಿಂದ 3ನೇ ತರಗತಿಯವರೆಗಿನ ಮಕ್ಕಳು ನೆಲದ ಮೇಲೆ ಗುಂಪುಗಳಲ್ಲಿ ಕುಳಿತು, ಕಲಿಕೆಯ ಏಣಿಯಲ್ಲಿ ತಾವಿರುವ ಮೆಟ್ಟಿಲಿಗೆ ತಕ್ಕಂತೆ ಕಾರ್ಡು ತೆಗೆದುಕೊಂಡು ಕಲಿಯುತ್ತಾರೆ. ಯಾವ ಮಗು ಯಾವ ಗುಂಪಿನಲ್ಲಿ ಕೂರಬೇಕೆಂಬುದನ್ನು ಅದರ ಕಲಿಕೆಯ ಮಟ್ಟ ನಿರ್ಧರಿಸುತ್ತದೆ, ಮನೆತನವಲ್ಲ. ಲೆಕ್ಕದಲ್ಲಿ ರೀಟಾ ಮುಂದು, ಓದಿನಲ್ಲಿ ವೀಣಾ ಮುಂದು. ಶಾಲೆ ನಡೆದ ದಿನಗಳಲ್ಲೆಲ್ಲ ಇಬ್ಬರಿಗೂ ಪರಸ್ಪರರ ಅಗತ್ಯ ಬೀಳುತ್ತಿತ್ತು.

ಶಾಲೆಯ ಹೊರಗೆ ಈ ಸಮಾನತೆ ಇರಲಿಲ್ಲ. ವೀಣಾಳ ಮನೆಯಲ್ಲಿ ಮಡಿ ಆಚರಿಸುವ ಅಜ್ಜಿ ಇದ್ದರು. ರೀಟಾ ಜಗಲಿಯವರೆಗೆ ಬರಬಹುದಿತ್ತು, ಒಳಗೆ ಹೋಗುವಂತಿರಲಿಲ್ಲ. ಅವಳಿಗೆ ತಿಂಡಿ ಬಾಳೆಲೆಯ ಮೇಲೆ ಬರುತ್ತಿತ್ತು, ಒಳಗಿನವರಿಗೆ ತಟ್ಟೆಯಲ್ಲಿ. ಇತ್ತ ವೀಣಾ ರೀಟಾಳ ಮನೆಯೊಳಗೆ ಕುಳಿತು, ಅವಳ ತಾಯಿ ಕೊಟ್ಟ ಚಹಾ ಕುಡಿದು ಬರುತ್ತಿದ್ದಳು. ಚಹಾ ಕೊಡುವಾಗ ಆ ತಾಯಿ ಪ್ರತಿ ಬಾರಿಯೂ ‘ಮನೆಯಲ್ಲಿ ಹೇಳಬೇಡ ಮಗಾ’ ಎನ್ನುತ್ತಿದ್ದರು. ಎರಡೂ ಮನೆಗಳಲ್ಲಿ ಯಾರೂ ಯಾರನ್ನೂ ಬೈದಿರಲಿಲ್ಲ, ಎಲ್ಲರೂ ಒಳ್ಳೆಯ ಮಾತನ್ನೇ ಆಡುತ್ತಿದ್ದರು. ಆದರೂ ತಮ್ಮ ಗೆಳೆತನದಲ್ಲಿ ಮುಚ್ಚಿಡಬೇಕಾದದ್ದೇನೋ ಇದೆ ಎಂಬುದನ್ನು ಎಂಟು ವರ್ಷ ತುಂಬುವ ಮೊದಲೇ ಇಬ್ಬರೂ ಕಲಿತಾಗಿತ್ತು. ಈ ಪ್ರಕರಣದಲ್ಲಿ ನನ್ನನ್ನು ಹೆಚ್ಚು ಕಾಡಿದ ಸಂಗತಿ ಇದೇ.

ಸಮಸ್ಯೆ ಬೆಳೆದ ಬಗೆ

ನಾಲ್ಕನೇ ತರಗತಿಗೆ ಬಂದೊಡನೆ ಗುಂಪುಗಳು ಹೋಗಿ ಬೆಂಚಿನ ಸಾಲುಗಳು ಬಂದವು. ಎಲ್ಲಿ ಕೂರಬೇಕೆಂಬುದನ್ನು ಮಕ್ಕಳೇ ಆರಿಸಿಕೊಂಡರು. ಮೊದಲ ವಾರದಲ್ಲೇ ಕಾಡಿನ ಕೇರಿಯ ಮಕ್ಕಳೆಲ್ಲ ಕಿಟಕಿಯ ಬದಿಯ ಹಿಂದಿನ ಬೆಂಚುಗಳಿಗೆ ಸೇರಿದರು. ಹಾಗೆ ಮಾಡಿರೆಂದು ಯಾರೂ ಹೇಳಿರಲಿಲ್ಲ, ಆದ್ದರಿಂದ ಅದು ಶಿಕ್ಷಕರ ಕಣ್ಣಿಗೂ ಬೀಳಲಿಲ್ಲ.

ಮುಂದಿನದು ಊಟದ ಸಾಲು. ಬಿಸಿಯೂಟದೊಂದಿಗೆ ಮೊಟ್ಟೆ, ಒಲ್ಲದವರಿಗೆ ಬಾಳೆಹಣ್ಣು ಅಥವಾ ಶೇಂಗಾ ಚಿಕ್ಕಿ ಕೊಡುವ ಯೋಜನೆ 2021ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳಲ್ಲಿ ಆರಂಭವಾಗಿ ನಂತರ ಇಡೀ ರಾಜ್ಯಕ್ಕೆ ವಿಸ್ತರಿಸಿತು. ಅಪೌಷ್ಟಿಕತೆ ತಗ್ಗಿಸಲು ಅದು ಬೇಕಾಗಿದ್ದ ಯೋಜನೆ, ಅದರ ಬಗ್ಗೆ ನನಗೆ ಯಾವ ಸಂಶಯವೂ ಇಲ್ಲ. ಆದರೆ ಈ ಶಾಲೆಯಲ್ಲಿ ಎಣಿಕೆಗೆ ಅನುಕೂಲವಾಗಲೆಂದು ಮೊಟ್ಟೆಯವರದು ಒಂದು ಸಾಲು, ಬಾಳೆಹಣ್ಣಿನವರದು ಇನ್ನೊಂದು ಸಾಲು ಎಂದು ಮಾಡಿದರು. ಎಣಿಕೆ ಸುಲಭವಾಯಿತು. ಒಂದನೇ ತರಗತಿಯಿಂದ ಪಕ್ಕಪಕ್ಕದಲ್ಲಿ ಉಣ್ಣುತ್ತಿದ್ದ ರೀಟಾ ಮತ್ತು ವೀಣಾ ಎದುರುಬದುರು ಗೋಡೆಗಳಿಗೆ ಒರಗಿ ಉಣ್ಣತೊಡಗಿದರು. ವಾರ ಕಳೆಯುವುದರೊಳಗೆ ಒಂದು ಸಾಲಿನ ಹುಡುಗರು ಇನ್ನೊಂದು ಸಾಲಿನವರನ್ನು ನೋಡಿ ಮೂಗು ಮುಚ್ಚಿಕೊಳ್ಳುವ ಆಟ ಆರಂಭಿಸಿದ್ದರು.

ಐದನೇ ತರಗತಿಯಲ್ಲಿದ್ದಾಗ ಮಕ್ಕಳ ದಿನಾಚರಣೆಗೆ ರಾಮಾಯಣದ ಒಂದು ಕಿರುನಾಟಕ ಮಾಡಿಸುವುದೆಂದಾಯಿತು. ಯಕ್ಷಗಾನ ನೋಡಿಯೇ ಬೆಳೆದ ಮಕ್ಕಳು ಅವರು, ವೇಷವೆಂದರೆ ಎಲ್ಲರಿಗೂ ಉತ್ಸಾಹ. ಶಿಕ್ಷಕರೊಬ್ಬರು ಪಾತ್ರ ಹಂಚುತ್ತ ವೀಣಾಳಿಗೆ ಸೀತೆಯನ್ನೂ ರೀಟಾಳಿಗೆ ಶೂರ್ಪನಖಿಯನ್ನೂ ಕೊಟ್ಟರು. ಶೂರ್ಪನಖಿಯಾಗಲು ರೀಟಾಳಿಗೆ ಬೇಸರವೇನೂ ಇರಲಿಲ್ಲ. ಕುಣಿಯಲು, ಗರ್ಜಿಸಲು ಅವಕಾಶವಿದ್ದ ಪಾತ್ರವದು. ಅಭ್ಯಾಸದ ದಿನ ಬಣ್ಣದ ಡಬ್ಬಿ ತೆರೆದು ಒಬ್ಬೊಬ್ಬರಿಗೇ ಬಣ್ಣ ಹಚ್ಚುತ್ತ ಬಂದ ಆ ಶಿಕ್ಷಕರು, ಅವಳ ಸರದಿ ಬಂದಾಗ ಕುಂಚವನ್ನು ಕೆಳಗಿಟ್ಟು ‘ಇವಳಿಗೆ ಬಣ್ಣ ಹಚ್ಚುವ ಕೆಲಸವಿಲ್ಲ’ ಎಂದರು. ಮಕ್ಕಳು ನಕ್ಕರು. ಶಿಕ್ಷಕರೂ ನಕ್ಕರು. ಅರ್ಧ ಬಣ್ಣ ಹಚ್ಚಿಸಿಕೊಂಡು ಪಕ್ಕದಲ್ಲೇ ಕುಳಿತಿದ್ದ ವೀಣಾಳೂ ನಕ್ಕಳು.

ರೀಟಾ ಅಳಲಿಲ್ಲ, ಯಾರಿಗೂ ಎದುರು ಮಾತಾಡಲಿಲ್ಲ. ನಾಟಕದ ದಿನ ಬರಲಿಲ್ಲ. ಆ ಪಾತ್ರವನ್ನು ಬೇರೊಬ್ಬ ಹುಡುಗಿಗೆ ಮಸಿ ಬಳಿದು ಮಾಡಿಸಿದರು. ಅಲ್ಲಿಂದ ಮುಂದೆ ಹಾಜರಿ ಪುಸ್ತಕದಲ್ಲಿ ರೀಟಾಳ ಹೆಸರಿನ ಮುಂದೆ ಗೈರು ಹೆಚ್ಚುತ್ತ ಹೋಯಿತು. ಬಂದ ದಿನಗಳಲ್ಲೂ ಅವಳು ಸಂಕದ ದಾರಿ ಬಿಟ್ಟು, ಮೇಲಿನ ಸುತ್ತುದಾರಿ ಹಿಡಿದು ಬರುತ್ತಿದ್ದಳು. ಹುಡುಗರಿಗೆ ಅವಳನ್ನು ಕರೆಯಲು ಹೊಸ ಹೆಸರು ಸಿಕ್ಕಿತ್ತು, ಅದನ್ನು ಇಲ್ಲಿ ಬರೆಯುವುದಿಲ್ಲ.

ಮಾಡಿದ ಪ್ರಯತ್ನಗಳು

ಗೈರು ಹೆಚ್ಚಿದಾಗ ತರಗತಿ ಶಿಕ್ಷಕಿ ಮೊದಲು ತಿಳಿದುಕೊಂಡದ್ದು, ಇಬ್ಬರು ಗೆಳತಿಯರು ಜಗಳವಾಡಿದ್ದಾರೆ ಎಂದು. ಅವರು ಇಬ್ಬರನ್ನೂ ತರಗತಿಯ ಮುಂದೆ ನಿಲ್ಲಿಸಿ, ವೀಣಾಳಿಂದ ‘ತಪ್ಪಾಯಿತು’ ಎಂದು ಹೇಳಿಸಿ, ಕೈ ಕುಲುಕಿಸಿದರು. ಒಳ್ಳೆಯ ಮನಸ್ಸಿನಿಂದಲೇ ಮಾಡಿದ ಕೆಲಸ ಅದು. ಆದರೆ ಅದರಿಂದ ಮೂರು ತೊಂದರೆಗಳಾದವು. ಏನಾಗಿತ್ತೆಂದು ಗೊತ್ತಿಲ್ಲದ ಮಕ್ಕಳಿಗೂ ಈಗ ಗೊತ್ತಾಯಿತು. ಎಲ್ಲರೂ ಸೇರಿ ನಕ್ಕದ್ದಕ್ಕೆ ಒಬ್ಬಳೇ ಕ್ಷಮೆ ಕೇಳಿದಂತಾಯಿತು. ಮೊದಲು ಆ ಮಾತನ್ನಾಡಿದ ದೊಡ್ಡವರು ಇಡೀ ವಿಚಾರದಿಂದ ಹೊರಗುಳಿದರು. ಮರುದಿನ ಇಬ್ಬರನ್ನೂ ಒಂದೇ ಬೆಂಚಿನಲ್ಲಿ ಕೂರಿಸಲಾಯಿತು. ರೀಟಾ ಬೆಂಚಿನ ಕೊನೆಗೆ ಸರಿದು ನಡುವೆ ಚೀಲ ಇಟ್ಟಳು. ವೀಣಾ ಆ ಚೀಲವನ್ನು ಮುಟ್ಟದಂತೆ ಎಚ್ಚರಿಕೆಯಿಂದ ಬರೆಯುತ್ತಿದ್ದಳು.

ನಂತರದ್ದು ಬೋಧನೆಯ ಪ್ರಯತ್ನ. ಬೆಳಗಿನ ಪ್ರಾರ್ಥನೆಯ ಹೊತ್ತಿನಲ್ಲಿ ಎಲ್ಲರೂ ಸಮಾನರು, ಬಣ್ಣದಿಂದ ಯಾರನ್ನೂ ಅಳೆಯಬಾರದು ಎಂಬ ವಿಷಯದ ಮೇಲೆ ಒಂದು ವಾರ ಮಾತುಗಳಾದವು. ಮಕ್ಕಳಿಗೆ ಸರಿಯಾದ ಉತ್ತರ ಮೊದಲೇ ಗೊತ್ತಿತ್ತು. ಕೇಳಿದರೆ ಎಲ್ಲರೂ ಅದನ್ನೇ ಒಪ್ಪಿಸುತ್ತಿದ್ದರು, ಊಟದ ಹೊತ್ತಿಗೆ ಮೂಗು ಮುಚ್ಚುವ ಆಟ ಹಾಗೆಯೇ ನಡೆಯುತ್ತಿತ್ತು. ಆ ಮಾತುಗಳು ನಡೆದಷ್ಟೂ ದಿನ ಇಡೀ ಶಾಲೆ ಕತ್ತು ತಿರುಗಿಸಿ ರೀಟಾಳ ಕಡೆ ನೋಡುತ್ತಿತ್ತು.

ಆಗ ಇನ್ನೊಂದು ಸಲಹೆ ಬಂತು: ಸಿದ್ದಿಗಳ ಡಮಾಮಿ ಕುಣಿತದ ಕಾರ್ಯಕ್ರಮ ಇಟ್ಟು, ರೀಟಾಳನ್ನೇ ಮುಂದೆ ನಿಲ್ಲಿಸಿ, ಅವಳ ಸಮುದಾಯದ ಬಗ್ಗೆ ಗೌರವ ಮೂಡಿಸೋಣ ಎಂದು. ಮುಖ್ಯ ಶಿಕ್ಷಕಿ ಒಪ್ಪಲಿಲ್ಲ. ಕ್ರೀಡಾಕೂಟ ಬಂದರೆ ಸಿದ್ದಿ ಮಕ್ಕಳನ್ನು ಓಟಕ್ಕೆ ಕಳಿಸುವುದು, ಪ್ರತಿಭಾ ಕಾರಂಜಿ ಬಂದರೆ ಕುಣಿತಕ್ಕೆ ಕಳಿಸುವುದು ಆ ಶಾಲೆಯಲ್ಲಿ ಮಾಮೂಲಾಗಿತ್ತು. ಲೆಕ್ಕದಲ್ಲಿ ತರಗತಿಗೇ ಮೊದಲಿಗಳಾದ ರೀಟಾಳನ್ನು ಒಂದು ಬಾರಿಯೂ ರಸಪ್ರಶ್ನೆಗೆ ಕಳಿಸಿರಲಿಲ್ಲ. ತನ್ನ ಮೈಬಣ್ಣದ ಕಾರಣಕ್ಕೆ ಎಲ್ಲರ ನೋಟಕ್ಕೆ ಸಿಕ್ಕಿ ನೊಂದ ಮಗುವನ್ನು ಅದೇ ಕಾರಣಕ್ಕೆ ಮತ್ತೆ ವೇದಿಕೆಗೆ ಹತ್ತಿಸುವುದು, ಉದ್ದೇಶ ಗೌರವವೇ ಆಗಿದ್ದರೂ, ಗಾಯದ ಮೇಲೆ ಕೈಯಿಟ್ಟಂತೆ ಎಂಬುದು ಅವರ ಅಭಿಪ್ರಾಯವಾಗಿತ್ತು. ಈ ಪ್ರಕರಣದಲ್ಲಿ ಮಾಡದೆ ಬಿಟ್ಟ ಕೆಲಸಗಳಲ್ಲಿ ಇದು ಅತ್ಯಂತ ಸರಿಯಾದದ್ದೆಂದು ನಾನು ಭಾವಿಸುತ್ತೇನೆ.

ತಾಯಿಯ ಮಾತು

ಮುಖ್ಯ ಶಿಕ್ಷಕಿ ಮತ್ತು ನಾನು ರೀಟಾಳ ಮನೆಗೆ ಹೋದದ್ದು ಸಂಜೆ ಹೊತ್ತಿನಲ್ಲಿ, ತಾಯಿ ಕೆಲಸದಿಂದ ಬಂದ ಮೇಲೆ. ಹಳೆಯ ಸೀರೆಗಳ ತುಂಡು ಜೋಡಿಸಿ ಹೊಲಿಯುತ್ತಿದ್ದ ಕೌದಿಯನ್ನು ಬದಿಗೆ ಸರಿಸಿ ಅವರು ನಮ್ಮನ್ನು ಕೂರಿಸಿದರು. ಮಗಳಿಗೆ ಶಾಲೆಯಲ್ಲಿ ಏನಾಯಿತೆಂದು ಅವರಿಗೆ ಗೊತ್ತಿತ್ತು. ‘ಆ ಹುಡುಗಿ ನಕ್ಕಿದ್ದಕ್ಕೆ ಇವಳಿಗೆ ಸಂಕಟ, ಮಾಸ್ತರು ನಕ್ಕಿದ್ದಕ್ಕೆ ನನಗೆ ಸಂಕಟ’ ಎಂದರು. ಹಾಗಾದರೆ ದೂರು ಏಕೆ ಕೊಡಲಿಲ್ಲ ಎಂದು ಕೇಳಿದಾಗ ಅವರು ಹೇಳಿದ ಕಾರಣ ಸರಳವಾಗಿತ್ತು: ದೂರು ಕೊಟ್ಟರೆ ವೀಣಾಳ ಹೆಸರು ಬರುತ್ತದೆ, ವೀಣಾಳ ಹೆಸರು ಬಂದರೆ ತೋಟದ ಮನೆಗೆ ಸುದ್ದಿ ಹೋಗುತ್ತದೆ, ಈ ವರ್ಷದ ಅಡಿಕೆ ಸುಲಿಯುವ ಕೆಲಸ ಬೇರೆಯವರಿಗೆ ಹೋಗುತ್ತದೆ.

ನಾವು ಇಬ್ಬರು ಮಕ್ಕಳ ಜಗಳವೆಂದು ತಿಳಿದದ್ದರ ಹಿಂದೆ ಎರಡು ಮನೆಗಳ ನಡುವಿನ ಕೂಲಿಯ ಸಂಬಂಧ ನಿಂತಿತ್ತು. ರೀಟಾ ತನ್ನ ಗೆಳತಿಯ ಮೇಲೆ ಸಿಟ್ಟು ಮಾಡುವ ಸ್ವಾತಂತ್ರ್ಯವನ್ನೂ ಹೊಂದಿರಲಿಲ್ಲ, ಏಕೆಂದರೆ ಅವಳ ಸಿಟ್ಟಿನ ಬೆಲೆಯನ್ನು ತಾಯಿ ತೆರಬೇಕಾಗಿತ್ತು. ಸಮಾನರಲ್ಲಿ ಜಗಳವಾಡಿ ರಾಜಿಯಾಗಬಹುದು. ಜಗಳವಾಡಲಾಗದವಳಿಗೆ ಉಳಿಯುವ ದಾರಿ ದೂರ ಸರಿಯುವುದೊಂದೇ, ಅವಳು ಅದನ್ನೇ ಮಾಡಿದ್ದಳು.

ಕಾನೂನಿನ ದಾರಿಯೂ ಇತ್ತು. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ಮಗುವಿಗೆ ಮಾನಸಿಕ ಕಿರುಕುಳ ಕೊಡುವುದನ್ನು ನಿಷೇಧಿಸುತ್ತದೆ. ಪರಿಶಿಷ್ಟ ಪಂಗಡದವರನ್ನು ಉದ್ದೇಶಪೂರ್ವಕವಾಗಿ ಸಾರ್ವಜನಿಕವಾಗಿ ಅವಮಾನಿಸುವುದು 1989ರ ದೌರ್ಜನ್ಯ ತಡೆ ಕಾಯ್ದೆಯಡಿ ಅಪರಾಧ. ಈ ಎರಡನ್ನೂ ತಾಯಿಗೆ ವಿವರಿಸಲಾಯಿತು, ದೂರು ಕೊಡುವುದಾದರೆ ಶಾಲೆ ಅಡ್ಡ ಬರುವುದಿಲ್ಲವೆಂದೂ ಹೇಳಲಾಯಿತು. ಅವರು ಬೇಡವೆಂದರು. ಆ ನಿರ್ಧಾರ ಅವರದು. ಇದನ್ನು ಓದುವವರು, ಇಂತಹ ಪ್ರಕರಣಗಳಲ್ಲಿ ದೂರು ಕೊಡದಿರುವುದೇ ಮೇಲೆಂದು ತಿಳಿಯಬಾರದು. ದೂರು ಕೊಟ್ಟರೆ ದುಡಿಮೆ ಹೋಗುತ್ತದೆಂಬ ಭಯವಿರುವ ಕಡೆ ‘ಅವರೇ ಬೇಡವೆಂದರು’ ಎಂಬ ಮಾತನ್ನು ಪೂರ್ತಿ ಒಪ್ಪಿಗೆಯೆಂದು ಬಗೆಯುವುದು ನ್ಯಾಯವಲ್ಲ.

ಅಂದು ವಾಪಸು ಬರುವಾಗ ಮುಖ್ಯ ಶಿಕ್ಷಕಿ ಒಂದು ನಿರ್ಧಾರಕ್ಕೆ ಬಂದರು. ಇದನ್ನು ಎರಡು ಕುಟುಂಬಗಳ ನಡುವಿನ ವಿಷಯವಾಗಲು ಬಿಡುವುದಿಲ್ಲ, ಇದು ಶಾಲೆಯ ತಪ್ಪು, ಹಾಗೆಂದೇ ಹೇಳಬೇಕು, ಹಾಗೆಂದೇ ಸರಿಪಡಿಸಬೇಕು ಎಂಬುದು ಆ ನಿರ್ಧಾರ. ಇಡೀ ಪ್ರಕರಣ ತಿರುಗಿದ್ದು ಇಲ್ಲಿ.

ಶಾಲೆ ಬದಲಾಯಿಸಿದ್ದು

ಪಾತ್ರ ಹಂಚಿದ್ದ ಶಿಕ್ಷಕರೊಂದಿಗೆ ಮುಖ್ಯ ಶಿಕ್ಷಕಿ ಪ್ರತ್ಯೇಕವಾಗಿ ಮಾತಾಡಿದರು. ಅವರು ಮೊದಲು ‘ತಮಾಷೆಗೆ ಹೇಳಿದ್ದು’ ಎಂದರು. ಆ ತಮಾಷೆಯ ನಂತರದ ಹಾಜರಿ ಪುಸ್ತಕವನ್ನು ಅವರ ಮುಂದಿಟ್ಟಾಗ ಬಹಳ ಹೊತ್ತು ಸುಮ್ಮನಿದ್ದರು. ಎರಡು ದಿನ ಬಿಟ್ಟು ಅವರೇ ರೀಟಾಳ ಮನೆಗೆ ಹೋಗಿ, ತಾಯಿ ಮಗಳು ಇಬ್ಬರ ಮುಂದೆಯೂ, ತಾನು ಹಾಗೆ ಹೇಳಬಾರದಿತ್ತು, ಮಕ್ಕಳು ನಕ್ಕದ್ದೂ ತಾನು ನಕ್ಕದ್ದರಿಂದಲೇ ಎಂದು ಹೇಳಿ ಬಂದರು. ಇದಕ್ಕೆ ತರಗತಿಯ ಸಾಕ್ಷಿ ಬೇಡವೆಂದು ಮೊದಲೇ ತೀರ್ಮಾನವಾಗಿತ್ತು. ದೊಡ್ಡವರೊಬ್ಬರು ತನ್ನ ಮನೆಯ ಬಾಗಿಲಿಗೆ ಬಂದು ತಪ್ಪು ಒಪ್ಪಿಕೊಂಡದ್ದು ರೀಟಾಳ ಮೇಲೆ ಮಾಡಿದ ಪರಿಣಾಮ ನಮ್ಮೆಲ್ಲರ ನಿರೀಕ್ಷೆಯನ್ನು ಮೀರಿತ್ತು. ಮರುವಾರ ಅವಳು ದಿನವೂ ಶಾಲೆಗೆ ಬಂದಳು.

ಊಟದ ಸಾಲುಗಳನ್ನು ತೆಗೆದುಹಾಕಲಾಯಿತು. ತರಗತಿವಾರು ವೃತ್ತದಲ್ಲಿ ಕುಳಿತ ಮಕ್ಕಳಿಗೆ ಮೊಟ್ಟೆ, ಬಾಳೆಹಣ್ಣು, ಚಿಕ್ಕಿಯನ್ನು ಕುಳಿತಲ್ಲಿಗೇ ತಂದು ಕೊಡುವುದೆಂದಾಯಿತು. ಅಡುಗೆ ಸಿಬ್ಬಂದಿಗೆ ಇದರಿಂದ ಕೆಲಸ ಹೆಚ್ಚಿತು, ದೊಡ್ಡ ಮಕ್ಕಳು ಸರದಿಯಂತೆ ನೆರವಾದರು. ಎಸ್.ಡಿ.ಎಂ.ಸಿ. (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಕೆಲವು ಪಾಲಕರು ಆಕ್ಷೇಪಿಸಿದರು. ಮೊಟ್ಟೆ ತಿನ್ನುವ ಮಗುವಿನ ಪಕ್ಕದಲ್ಲಿ ತಮ್ಮ ಮಗು ಉಣ್ಣುವುದು ಮನೆಯ ಆಚಾರಕ್ಕೆ ಸರಿಯಾಗದು ಎಂಬುದು ಅವರ ವಾದ. ಮುಖ್ಯ ಶಿಕ್ಷಕಿ ಕೊಟ್ಟ ಉತ್ತರ ಚಿಕ್ಕದು: ಯಾವ ಮಗುವಿನ ತಟ್ಟೆಗೆ ಏನು ಬೀಳಬೇಕೆಂಬುದು ಮನೆಯವರ ಆಯ್ಕೆ, ಯಾವ ಮಗು ಎಲ್ಲಿ ಕೂರಬೇಕೆಂಬುದು ಶಾಲೆಯ ಆಯ್ಕೆ. ಒಂದು ಕುಟುಂಬ ಇದನ್ನು ಒಪ್ಪದೆ ತಮ್ಮ ಮಗುವನ್ನು ಮಧ್ಯಾಹ್ನ ಮನೆಗೇ ಕರೆಸಿಕೊಳ್ಳತೊಡಗಿ, ವರ್ಷದ ಕೊನೆಯವರೆಗೂ ಹಾಗೆಯೇ ಮಾಡಿತು. ಸಭೆ ಅದನ್ನು ಅವರ ಇಷ್ಟಕ್ಕೆ ಬಿಟ್ಟಿತು. ವೀಣಾಳ ಮನೆಯವರು ಆಕ್ಷೇಪಿಸಿದವರಲ್ಲಿ ಇರಲಿಲ್ಲ.

ತರಗತಿಯಲ್ಲಿ ಗುಂಪು ಕಲಿಕೆಯನ್ನು ಬೇರೊಂದು ರೂಪದಲ್ಲಿ ಮರಳಿ ತರಲಾಯಿತು. ಅಮೆರಿಕದ ಟೆಕ್ಸಾಸ್ ರಾಜ್ಯದ ಆಸ್ಟಿನ್ ನಗರದಲ್ಲಿ, ಅದುವರೆಗೆ ಬೇರೆ ಬೇರೆಯಾಗಿ ಓದುತ್ತಿದ್ದ ಬಿಳಿಯ, ಕರಿಯ ಮತ್ತು ಮೆಕ್ಸಿಕನ್ ಮೂಲದ ಮಕ್ಕಳನ್ನು ಒಂದೇ ಶಾಲೆಗೆ ಸೇರಿಸಿ ಘರ್ಷಣೆ ಹೆಚ್ಚಿದಾಗ, ಮನಶ್ಶಾಸ್ತ್ರಜ್ಞ ಎಲಿಯಟ್ ಆರನ್ಸನ್ 1971ರಲ್ಲಿ ರೂಪಿಸಿದ ಪದ್ಧತಿಯೊಂದಿದೆ. ಪಾಠವನ್ನು ಭಾಗಗಳಾಗಿ ಒಡೆದು ಗುಂಪಿನ ಪ್ರತಿ ಮಗುವಿಗೆ ಒಂದೊಂದು ಭಾಗವನ್ನು ಮಾತ್ರ ಕೊಡುತ್ತಾರೆ. ಉಳಿದವರ ಭಾಗವನ್ನು ಅವರ ಬಾಯಿಂದಲೇ ಕೇಳಿ ಕಲಿಯದೆ ಯಾರಿಗೂ ಪಾಠ ಪೂರ್ತಿಯಾಗುವುದಿಲ್ಲ. ತರಗತಿ ಶಿಕ್ಷಕಿ ಇದನ್ನು ಪರಿಸರ ಅಧ್ಯಯನದಲ್ಲಿ ಅಳವಡಿಸಿದರು. ಮೊದಲ ಪಾಠಕ್ಕೆ ‘ಅಡಿಕೆ ಮರದಿಂದ ಮಾರುಕಟ್ಟೆಗೆ’ ಎಂಬ ವಿಷಯವನ್ನು ಯೋಚಿಸಿದ್ದರು, ನಂತರ ಕೈಬಿಟ್ಟರು. ಆ ವಿಷಯದಲ್ಲಿ ತೋಟದ ಮನೆಯ ಮಕ್ಕಳು ಒಡೆಯರ ಕಡೆಯ ತಿಳಿವಳಿಕೆ ತರುತ್ತಿದ್ದರು, ಕೇರಿಯ ಮಕ್ಕಳು ಕೂಲಿಯವರ ಕಡೆಯದನ್ನು. ಹೊರಗಿನ ಮೇಲು ಕೀಳು ತರಗತಿಯೊಳಗೆ ಹಾಗೆಯೇ ಬಂದು ಕೂರುತ್ತಿತ್ತು. ಬದಲಾಗಿ ಶಾಲೆಯ ಸುತ್ತಲಿನ ಹಕ್ಕಿಗಳನ್ನು ಆರಿಸಿಕೊಂಡರು, ಅದರಲ್ಲಿ ಯಾರ ಮನೆಗೂ ಮೇಲುಗೈ ಇರಲಿಲ್ಲ.

ರೀಟಾ ಮತ್ತು ವೀಣಾರನ್ನು ಬೇಕೆಂದೇ ಬೇರೆ ಬೇರೆ ಗುಂಪುಗಳಲ್ಲಿ ಇಡಲಾಗಿತ್ತು. ಅವರಿಬ್ಬರನ್ನು ಮತ್ತೆ ಗೆಳತಿಯರನ್ನಾಗಿ ಮಾಡುವುದು ಶಾಲೆಯ ಕೆಲಸವಲ್ಲ, ಗೆಳೆಯರಾಗಬಹುದಾದ ತರಗತಿಯನ್ನು ಉಳಿಸಿಕೊಡುವುದಷ್ಟೇ ಶಾಲೆಯ ಕೆಲಸ ಎಂಬ ತಿಳಿವಳಿಕೆ ಆ ಹೊತ್ತಿಗೆ ನಮಗೆ ಬಂದಿತ್ತು.

ನಂತರ ನಡೆದದ್ದು

ಜನವರಿಯಲ್ಲಿ ಮಕ್ಕಳ ಸಂತೆ ನಡೆಯಿತು. ಚೀಟಿ ಎತ್ತಿ ಮಾಡಿದ ಗುಂಪುಗಳು ತರಕಾರಿ, ಸೊಪ್ಪು, ಮಜ್ಜಿಗೆ, ಕೋಸಂಬರಿ ಮಾರಿದವು. ರೀಟಾ ತನ್ನ ಗುಂಪಿನ ಲೆಕ್ಕ ಬರೆಯುವವಳಾಗಿದ್ದಳು. ಪಟ್ಟಿಯಲ್ಲಿ ಬಂಡವಾಳ, ಮಾರಾಟ, ಉಳಿದ ಮಾಲು ಎಂದು ಮೂರು ಕಾಲಂ ಎಳೆದು ಅವಳು ಬರೆದ ಲೆಕ್ಕ ಸಂತೆ ಮುಗಿಯುವ ಹೊತ್ತಿಗೆ ರೂಪಾಯಿಗೆ ರೂಪಾಯಿ ಸರಿಹೋಯಿತು. ವೀಣಾಳ ಗುಂಪಿನ ಲೆಕ್ಕ ಎಷ್ಟು ಬಾರಿ ಕೂಡಿದರೂ ಹೊಂದುತ್ತಿರಲಿಲ್ಲ. ಶಿಕ್ಷಕಿಯ ಬಳಿ ಹೋಗುವ ಬದಲು ವೀಣಾ ಆ ಹಾಳೆಯನ್ನು ಹಿಡಿದು ರೀಟಾಳ ಮುಂದೆ ಬಂದು ನಿಂತಳು. ರೀಟಾ ಹಾಳೆ ತೆಗೆದುಕೊಂಡು ನೋಡಿ, ಮಾರದೆ ಉಳಿದ ನಿಂಬೆಹಣ್ಣನ್ನೂ ಮಾರಾಟಕ್ಕೆ ಸೇರಿಸಿದ್ದೀರಿ ಎಂದಳು. ತಿಂಗಳುಗಳ ನಂತರ ಅವರಿಬ್ಬರ ನಡುವೆ ಯಾರೂ ಹೇಳಿಸದೆ ಬಂದ ಮೊದಲ ಮಾತು ಅದು. ವೀಣಾ ಅಲ್ಲೇ, ಮೆಲ್ಲಗೆ, ತಾನು ಅವತ್ತು ನಗಬಾರದಿತ್ತು ಎಂದಳಂತೆ. ಇದನ್ನು ನಮಗೆ ಹೇಳಿದ್ದು ರೀಟಾ, ಬಹಳ ದಿನಗಳ ಮೇಲೆ. ತಾನೇನು ಉತ್ತರ ಕೊಟ್ಟೆನೆಂದು ಅವಳು ಹೇಳಲಿಲ್ಲ, ನಾವೂ ಕೇಳಲಿಲ್ಲ.

ವೀಣಾಳ ತಾಯಿಯೊಂದಿಗೆ ಮುಖ್ಯ ಶಿಕ್ಷಕಿ ಆ ಮೊದಲೇ ಮಾತಾಡಿದ್ದರು. ಯಾರ ಮೇಲೂ ದೂರು ಹೇಳದೆ, ಮಗಳು ಮಂಕಾಗಿದ್ದಾಳೆ ಎಂಬ ವಿಷಯವನ್ನಷ್ಟೇ ಹಿಡಿದು ಆರಂಭಿಸಿದ ಮಾತು ಅದು. ಮಗಳು ರೀಟಾಳ ಮನೆಯಲ್ಲಿ ಚಹಾ ಕುಡಿಯುತ್ತಿದ್ದದ್ದು ತಮಗೆ ಮೊದಲಿನಿಂದಲೂ ಗೊತ್ತಿತ್ತು, ಅಜ್ಜಿಗೆ ತಿಳಿಯಬಾರದೆಂದು ಸುಮ್ಮನಿದ್ದೆ ಎಂದು ಆಕೆ ಹೇಳಿದರು. ಅಂದರೆ ಇಬ್ಬರು ತಾಯಂದಿರೂ ತಿಳಿದಿದ್ದ ಸಂಗತಿಯೊಂದನ್ನು ಮಕ್ಕಳು ವರ್ಷಗಟ್ಟಲೆ ಗುಟ್ಟಾಗಿ ಹೊತ್ತು ತಿರುಗಿದ್ದರು. ಮುಂದೆ ತನ್ನಿಂದ ಇದನ್ನು ಮುಚ್ಚಿಡಬೇಕಾಗಿಲ್ಲ ಎಂದು ಆ ತಾಯಿ ಮಗಳಿಗೆ ಹೇಳಿದರು. ರೀಟಾ ಆ ಬೇಸಿಗೆಯಲ್ಲಿ ಜಗಲಿ ದಾಟಿ ನಡುಮನೆಯವರೆಗೆ ಹೋದಳು, ತಟ್ಟೆಯಲ್ಲಿ ಅವಲಕ್ಕಿ ತಿಂದಳು. ಅಡುಗೆಮನೆ ಮತ್ತು ದೇವರ ಕೋಣೆಯ ನಿಯಮ ಹಾಗೆಯೇ ಉಳಿಯಿತು. ಅಜ್ಜಿಗೆ ಇದು ಕೊನೆಯವರೆಗೂ ಒಪ್ಪಿಗೆಯಾಗಲಿಲ್ಲ.

ಗೆಳೆತನ ಮೊದಲಿನ ರೂಪಕ್ಕೆ ಮರಳಲಿಲ್ಲ, ಇದನ್ನು ಮುಚ್ಚಿಡಬಾರದು. ಏಳನೇ ತರಗತಿ ಮುಗಿಯುವವರೆಗೂ ರೀಟಾ ಹೆಚ್ಚಾಗಿ ತನ್ನ ಕೇರಿಯ ಹುಡುಗಿಯರೊಂದಿಗೇ ಶಾಲೆಗೆ ಬರುತ್ತಿದ್ದಳು. ವೀಣಾಳೊಂದಿಗೆ ಲೆಕ್ಕ ಮಾಡುತ್ತಿದ್ದಳು, ಊಟಕ್ಕೆ ಕೂರುತ್ತಿದ್ದಳು, ಒಮ್ಮೊಮ್ಮೆ ಗಟ್ಟಿ ದನಿಯಲ್ಲಿ ಜಗಳವಾಡುತ್ತಿದ್ದಳು. ಆ ಜಗಳಗಳನ್ನು ಕಂಡು ತರಗತಿ ಶಿಕ್ಷಕಿಗೆ ಆದ ಸಮಾಧಾನ ನನಗೂ ಆಯಿತು. ಆರನೇ ತರಗತಿಯಲ್ಲಿ ರೀಟಾ ಕ್ಲಸ್ಟರ್ ಮಟ್ಟದ ರಸಪ್ರಶ್ನೆಗೆ ಹೋದಳು.

ಈ ಪ್ರಕರಣದಿಂದ ಕಾಣುವುದು

ಪೂರ್ವಗ್ರಹಗಳ ಕುರಿತು ಅಧ್ಯಯನ ಮಾಡಿದ ಗಾರ್ಡನ್ ಆಲ್ಪೋರ್ಟ್ 1954ರಲ್ಲಿ ಹೇಳಿದ್ದೇನೆಂದರೆ, ಬೇರೆ ಬೇರೆ ಗುಂಪಿನವರು ಒಂದೆಡೆ ಸೇರಿದ ಮಾತ್ರಕ್ಕೆ ಅವರ ನಡುವಿನ ಪೂರ್ವಗ್ರಹ ಕರಗುವುದಿಲ್ಲ. ಸಮಾನ ಸ್ಥಾನ, ಎಲ್ಲರಿಗೂ ಒಂದೇ ಗುರಿ, ಪರಸ್ಪರ ಸಹಕಾರ ಮತ್ತು ಅಧಿಕಾರದಲ್ಲಿರುವವರ ಬೆಂಬಲ ಎಂಬ ನಾಲ್ಕು ಸ್ಥಿತಿಗಳು ಅಲ್ಲಿ ಇರಬೇಕಾಗುತ್ತದೆ. ನಲಿ-ಕಲಿಯ ತರಗತಿಯಲ್ಲಿ ಈ ನಾಲ್ಕೂ ಇದ್ದವು. ಮುಂದಿನ ಎರಡು ವರ್ಷಗಳಲ್ಲಿ ಶಾಲೆಯೇ ಅವುಗಳಲ್ಲಿ ಮೂರನ್ನು ಒಂದೊಂದಾಗಿ ಕಳಚಿಹಾಕಿತು: ಬೆಂಚಿನ ಸಾಲಿನಿಂದ ಸಹಕಾರ ಹೋಯಿತು, ಊಟದ ಸಾಲಿನಿಂದ ಸಮಾನ ಸ್ಥಾನ ಹೋಯಿತು, ಶಿಕ್ಷಕರ ನಗುವಿನಿಂದ ಬೆಂಬಲ ಹೋಯಿತು. ವೀಣಾ ನಕ್ಕದ್ದು ಈ ಸರಣಿಯ ಕೊನೆಯ ಕೊಂಡಿ. ಆ ಕೊಂಡಿಯನ್ನೇ ಮೊದಲ ಕಾರಣವೆಂದು ಹಿಡಿದದ್ದರಿಂದ ಆರಂಭದ ಪ್ರಯತ್ನಗಳು ಒಬ್ಬ ಹತ್ತು ವರ್ಷದ ಹುಡುಗಿಯ ತಲೆಯ ಮೇಲೆ ಬಿದ್ದವು.

ಮಕ್ಕಳಿಗೆ ಭೇದ ಗೊತ್ತಿಲ್ಲ, ದೊಡ್ಡವರು ಕಲಿಸುತ್ತಾರೆ ಎಂಬ ಮಾತನ್ನು ನಾವು ಪದೇ ಪದೇ ಆಡುತ್ತೇವೆ. ಈ ಪ್ರಕರಣವನ್ನು ಕಂಡ ಮೇಲೆ ಅದು ಅರ್ಧ ಸತ್ಯವೆಂದು ನನಗನ್ನಿಸುತ್ತದೆ. ಬಾಳೆಲೆ ಮತ್ತು ತಟ್ಟೆಯ ವ್ಯತ್ಯಾಸ ರೀಟಾಳಿಗೆ ಆರನೇ ವರ್ಷಕ್ಕೇ ಗೊತ್ತಿತ್ತು, ವೀಣಾಳಿಗೂ ಗೊತ್ತಿತ್ತು. ಗೊತ್ತಿದ್ದೂ ಅವರು ಗೆಳತಿಯರಾಗಿದ್ದರು. ಆ ಗೆಳೆತನವನ್ನು ಮುಗ್ಧತೆ ಎಂದು ಕರೆದರೆ ಅವರಿಬ್ಬರ ಪ್ರಯತ್ನವನ್ನು ಕಡೆಗಣಿಸಿದಂತಾಗುತ್ತದೆ. ಸಂಕದ ಬಳಿ ದಿನವೂ ಕಾಯುತ್ತಿದ್ದದ್ದು ಅವರು ತಿಳಿದೇ ಮಾಡುತ್ತಿದ್ದ ಆಯ್ಕೆ.

ಶಾಲೆಯಲ್ಲಿ ಈಗ ನಾಟಕದ ಪಾತ್ರಗಳನ್ನು ಚೀಟಿ ಎತ್ತಿಯೇ ಹಂಚುತ್ತಾರೆ. ಊಟದ ವೃತ್ತ ಒಂದು ವರ್ಷ ಮುಂದುವರಿದು, ಮುಖ್ಯ ಶಿಕ್ಷಕಿ ದೀರ್ಘ ರಜೆಯಲ್ಲಿದ್ದಾಗ ಎಣಿಕೆಯ ಅನುಕೂಲಕ್ಕೆಂದು ಮತ್ತೆ ಎರಡು ಸಾಲಾಯಿತು. ಅವರು ಮರಳಿದ ಮೇಲೆ ಎಸ್.ಡಿ.ಎಂ.ಸಿ. ಸಭೆಯಲ್ಲಿ ಠರಾವು ಬರೆಸಿ ಮತ್ತೆ ವೃತ್ತಕ್ಕೆ ತಂದರು, ಯಾರು ಬಂದರೂ ಹೋದರೂ ಅದು ಉಳಿಯಲೆಂದು. ರೀಟಾ ಈಗ ತಾಲೂಕು ಕೇಂದ್ರದ ವಿದ್ಯಾರ್ಥಿನಿಲಯದಲ್ಲಿದ್ದು ಪ್ರೌಢಶಾಲೆಗೆ ಹೋಗುತ್ತಿದ್ದಾಳೆ, ವೀಣಾ ಶಿರಸಿಯ ಶಾಲೆಯೊಂದಕ್ಕೆ ಸೇರಿದ್ದಾಳೆ. ರೀಟಾಳ ತಮ್ಮ ಇನ್ನೂ ಹಳೆಯ ಶಾಲೆಯಲ್ಲೇ ಓದುತ್ತಿದ್ದಾನೆ. ಹಿಂದೊಮ್ಮೆ ಕರೆದಾಗ ಬರಲೊಪ್ಪದಿದ್ದ ಅವರ ತಾಯಿ ಎಸ್.ಡಿ.ಎಂ.ಸಿ.ಯ ಹೊಸ ರಚನೆಯಲ್ಲಿ ಸದಸ್ಯೆಯಾಗಿದ್ದಾರೆ. ಮೊದಲ ಸಭೆಯಲ್ಲಿ ಅವರು ಕೇಳಿದ ಪ್ರಶ್ನೆ, ವಿದ್ಯಾರ್ಥಿನಿಲಯದ ಅರ್ಜಿಗಳು ತಮ್ಮ ಕೇರಿಗೆ ಪ್ರತಿ ವರ್ಷ ಕೊನೆಯ ದಿನಾಂಕ ಹತ್ತಿರ ಬಂದ ಮೇಲೆಯೇ ಏಕೆ ತಲುಪುತ್ತವೆ ಎಂಬುದು. ಈ ವರ್ಷ ಅರ್ಜಿಗಳನ್ನು ಮುಖ್ಯ ಶಿಕ್ಷಕಿಯೇ ಕೇರಿಗೆ ಕೊಂಡೊಯ್ದು ಕೊಟ್ಟಿದ್ದಾರೆ.